ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವ ಯಂತ್ರ: ರೀಬ್ರೀದರ್ ಜೋಡಣೆ, ಹಂತ ಹಂತವಾಗಿ

ನಾವು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕ ಇರುತ್ತದೆ. ಹೊರಬಿಡುವ ಉಸಿರಿನಲ್ಲೂ ಅದು ಶೇ 16ರಿಂದ 17ರಷ್ಟು ಉಳಿದೇ ಇರುತ್ತದೆ. ಡೈವರ್‌ಗಳು ನೀರೊಳಗೆ ಉಸಿರಾಡಲು ಕಟ್ಟಿಕೊಳ್ಳುವ ಮಾಮೂಲಿ ಸ್ಕೂಬಾ ಸಾಧನ ಇದೆಲ್ಲವನ್ನೂ ಗುಳ್ಳೆ ಮಾಡಿ ನೀರಿಗೆ ಬಿಟ್ಟುಬಿಡುತ್ತದೆ. ಆಳಕ್ಕೆ ಹೋದಷ್ಟೂ ಈ ಪೋಲು ಹೆಚ್ಚುತ್ತದೆ. 30 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ನಾಲ್ಕು ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಉಸಿರಾಡುವವರು ಅಲ್ಲಿ 80 ಲೀಟರ್ ಖರ್ಚು ಮಾಡುತ್ತಾರೆ. ದೇಹಕ್ಕೆ ನಿಜವಾಗಿ ಬೇಕಾದ ಆಮ್ಲಜನಕವೋ, ಸಾಧಾರಣ ಈಜಿಗೆ ನಿಮಿಷಕ್ಕೆ ಸುಮಾರು ಒಂದು ಲೀಟರ್. ಆಳ ಎಷ್ಟೇ ಇರಲಿ, ಅದು ಬದಲಾಗುವುದಿಲ್ಲ.

ರೀಬ್ರೀದರ್ ಹುಟ್ಟಿದ್ದು ಈ ಲೆಕ್ಕದಿಂದ. ಬಿಟ್ಟ ಉಸಿರನ್ನು ಹೊರಗೆ ಹೋಗಲು ಬಿಡದೆ, ಅದರಲ್ಲಿನ ಇಂಗಾಲದ ಡೈಆಕ್ಸೈಡನ್ನು ತೆಗೆದು, ಖರ್ಚಾದಷ್ಟು ಆಮ್ಲಜನಕವನ್ನು ಸೇರಿಸಿ ಮತ್ತೆ ಬಾಯಿಗೆ ಕೊಡುವುದು ಇದರ ಕೆಲಸ. ಮೂರು ಲೀಟರಿನ ಪುಟ್ಟ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಸುಮಾರು ಮೇಲ್ಮೈಯಲ್ಲಿನ ಗಾಳಿಯ ಒತ್ತಡ) 600 ಲೀಟರ್ ಆಮ್ಲಜನಕ ಹಿಡಿಯುತ್ತದೆ. ಅಷ್ಟಿದ್ದರೆ ಗಂಟೆಗಟ್ಟಲೆ ಸಾಕು. ಗುಳ್ಳೆ ಇಲ್ಲ, ಸದ್ದಿಲ್ಲ. ಮೀನುಗಳು ಬೆದರದೆ ಹತ್ತಿರ ಬರುತ್ತವೆ.

ಆದರೆ ಈ ಯಂತ್ರ ಕೆಟ್ಟಾಗ ನಿಮ್ಮ ದೇಹ ನಿಮಗೆ ಹೇಳುವುದಿಲ್ಲ. ಈ ಲೇಖನದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ. ಉಸಿರು ಕಟ್ಟಿದಾಗ ನಮಗಾಗುವ ಚಡಪಡಿಕೆ ಆಮ್ಲಜನಕ ಕಡಿಮೆಯಾದದ್ದಕ್ಕಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದಕ್ಕೆ. ರೀಬ್ರೀದರ್ ಅದನ್ನು ತೆಗೆಯುತ್ತಲೇ ಇರುವುದರಿಂದ, ಆಮ್ಲಜನಕ ಬರಿದಾದರೂ ಉಸಿರಾಟ ಹಾಯಾಗಿಯೇ ಇರುತ್ತದೆ. ಹಾಗೇ ಪ್ರಜ್ಞೆ ತಪ್ಪುತ್ತದೆ. ಈ ಕಾರಣಕ್ಕೇ ದಡದ ಮೇಲಿನ ಜೋಡಣೆ ನೀರೊಳಗಿನ ಈಜಿನಷ್ಟೇ ಮುಖ್ಯ.

ಇದು ಓದಿ ತಿಳಿಯಲಿಕ್ಕೆ ಬರೆದದ್ದು. ಆಯಾ ಮಾದರಿಯ ಮೇಲೆಯೇ ತರಬೇತಿ ಪಡೆಯದೆ, ತಯಾರಕರ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಯಾರೂ ಇದನ್ನು ಕಟ್ಟಿಕೊಂಡು ನೀರಿಗಿಳಿಯಬಾರದು. ಒಂದು ಮಾದರಿಯ ತರಬೇತಿ ಇನ್ನೊಂದಕ್ಕೆ ಸಾಲದು.

ಉಸಿರಿನ ದಾರಿ

ಬಾಯಿಗೆ ಕಚ್ಚಿಕೊಳ್ಳುವ ತುಂಡಿನ ಎರಡು ಬದಿಗೆ ಎರಡು ಸುಕ್ಕುಸುಕ್ಕಾದ ಹೋಸ್‌ಗಳು. ಬಿಟ್ಟ ಉಸಿರು ಒಂದರಲ್ಲಿ ಹೊರಟು ಮೆತ್ತನೆಯ ಚೀಲವೊಂದಕ್ಕೆ ಹೋಗುತ್ತದೆ. ಶ್ವಾಸಕೋಶ ಕುಗ್ಗಿದಾಗ ಹೊರಬಂದ ಗಾಳಿಗೆ ಜಾಗ ಬೇಕಲ್ಲ, ಅದಕ್ಕೆ ಈ ಚೀಲ. ಅಲ್ಲಿಂದ ಸೋಡಾ ಲೈಮ್ ತುಂಬಿದ ಡಬ್ಬಿಗೆ, ಅಂದರೆ ಸ್ಕ್ರಬರಿಗೆ. ಶುದ್ಧವಾದ ಗಾಳಿ ಆಮ್ಲಜನಕದ ಸೆನ್ಸರ್‌ಗಳ ಮುಂದೆ ಹಾದು, ಎರಡನೇ ಚೀಲ ಸೇರಿ, ಇನ್ನೊಂದು ಹೋಸ್‌ನಿಂದ ಬಾಯಿಗೆ ಮರಳುತ್ತದೆ. ಗಾಳಿ ಒಂದೇ ದಿಕ್ಕಿನಲ್ಲಿ ಸುತ್ತುವಂತೆ ನೋಡಿಕೊಳ್ಳುವುದು ಬಾಯಿಯ ಬಳಿ ಇರುವ ಎರಡು ತೆಳು ಸಿಲಿಕೋನ್ ಬಿಲ್ಲೆಗಳು.

ಸಿಲಿಂಡರ್‌ಗಳು ಎರಡು. ಒಂದರಲ್ಲಿ ಶುದ್ಧ ಆಮ್ಲಜನಕ. ಇನ್ನೊಂದರಲ್ಲಿ ಡೈಲ್ಯುಯೆಂಟ್, ಅಂದರೆ ಸಾಮಾನ್ಯ ಗಾಳಿ, ಇಲ್ಲವೇ ಹೆಚ್ಚಿನ ಆಳಕ್ಕೆ ಹೀಲಿಯಂ ಬೆರೆಸಿದ ಅನಿಲ. ಕೆಳಗಿಳಿಯುವಾಗ ಒತ್ತಡಕ್ಕೆ ಚೀಲಗಳು ಕುಗ್ಗುತ್ತವೆ. ಆಗ ಡೈಲ್ಯುಯೆಂಟ್ ಒಳಬಂದು ಆ ಜಾಗ ತುಂಬುತ್ತದೆ. ಆಮ್ಲಜನಕ ನಿಗದಿಗಿಂತ ಕೆಳಗಿಳಿದ ಕೂಡಲೇ ಕಂಪ್ಯೂಟರ್ ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟವನ್ನು ತೆರೆದು ಒಂದು ಗುಟುಕು ಸೇರಿಸುತ್ತದೆ.

ಎಲೆಕ್ಟ್ರಾನಿಕ್ಸ್ ಬಂದದ್ದು ತಡವಾಗಿ. ಬಳಕೆಗೆ ಒದಗಿದ ಮೊದಲ ರೀಬ್ರೀದರನ್ನು ಹೆನ್ರಿ ಫ್ಲೂಸ್ 1878ರಲ್ಲೇ ರೂಪಿಸಿದ್ದರು. ಬ್ರಿಟನ್ನಿನ ಸೆವರ್ನ್ ನದಿಯಡಿಯ ರೈಲು ಸುರಂಗಕ್ಕೆ ನೀರು ನುಗ್ಗಿ, ಒಳಗೆ ದೂರದಲ್ಲಿ ಕಬ್ಬಿಣದ ಬಾಗಿಲೊಂದು ತೆರೆದೇ ಉಳಿದಿತ್ತು. ಮೇಲಿನಿಂದ ಗಾಳಿ ತರುವ ಉದ್ದನೆಯ ಕೊಳವೆಯನ್ನು ಎಳೆದುಕೊಂಡು ಅಷ್ಟು ದೂರ ಹೋಗುವುದು ಆಗದ ಮಾತಾಯಿತು. 1880ರ ನವೆಂಬರ್‌ನಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರ ಫ್ಲೂಸ್ ಯಂತ್ರವನ್ನು ಕಟ್ಟಿಕೊಂಡು, ಕತ್ತಲಲ್ಲಿ ತಡವರಿಸುತ್ತ ಹೋಗಿ ಅದನ್ನು ಮುಚ್ಚಿದರು. ಆ ಯಂತ್ರದಲ್ಲಿ ಇದ್ದದ್ದು ಬರೀ ಆಮ್ಲಜನಕ. ಒತ್ತಡದಲ್ಲಿ ಆಮ್ಲಜನಕವೇ ವಿಷವಾಗುತ್ತದೆಂಬ ಕಾರಣಕ್ಕೆ ಇಂದು ಶುದ್ಧ ಆಮ್ಲಜನಕವನ್ನು ಸಾಮಾನ್ಯವಾಗಿ 6 ಮೀಟರಿಗಿಂತ ಕೆಳಗೆ ಬಳಸುವುದಿಲ್ಲ.

ಮೂರು ಅಪಾಯ

ಇಲ್ಲಿ ಎಲ್ಲವನ್ನೂ ಅಳೆಯುವುದು ಆಮ್ಲಜನಕದ ಆಂಶಿಕ ಒತ್ತಡದಲ್ಲಿ. ಒಟ್ಟು ಒತ್ತಡವನ್ನು ಆಮ್ಲಜನಕದ ಪಾಲಿನಿಂದ ಗುಣಿಸಿದರೆ ಅದು ಸಿಗುತ್ತದೆ. ದಡದ ಮೇಲೆ ನಾವು ಉಸಿರಾಡುವುದು 0.21 ಬಾರ್. ನೀರಿನ ತಳದಲ್ಲಿ ಯಂತ್ರವನ್ನು ಸಾಮಾನ್ಯವಾಗಿ 1.2 ಅಥವಾ 1.3ಕ್ಕೆ ಇಟ್ಟಿರುತ್ತಾರೆ.

ಇದು 0.16ಕ್ಕಿಂತ ಕೆಳಗಿಳಿದರೆ ಬುದ್ಧಿ ಮಂಕಾಗುತ್ತದೆ, 0.10ರ ಸುತ್ತ ಪ್ರಜ್ಞೆ ಹೋಗುತ್ತದೆ. ಮೇಲೇರುವಾಗ ಈ ಅಪಾಯ ಹೆಚ್ಚು. 20 ಮೀಟರಿನಲ್ಲಿ ಒಟ್ಟು ಒತ್ತಡ ಮೂರು ಬಾರ್; ಅಲ್ಲಿ 0.3 ಇದ್ದರೆ ಡೈವರ್ ಆರಾಮಾಗಿಯೇ ಇರುತ್ತಾರೆ. ಆಮ್ಲಜನಕ ಸೇರ್ಪಡೆ ನಿಂತಿದ್ದು, ಅವರು ಹಾಗೇ ಮೇಲೆ ಬಂದರೆ ಅದೇ ಗಾಳಿ 0.1 ಆಗುತ್ತದೆ. ಇನ್ನೇನು ಬಂದೇಬಿಟ್ಟೆ ಎನ್ನುವಾಗ ಕಣ್ಣು ಕತ್ತಲಿಡುತ್ತದೆ. ಇನ್ನೊಂದು ಕಡೆ, 1.6 ದಾಟಿದರೆ ಮುನ್ಸೂಚನೆಯೇ ಇಲ್ಲದೆ ಮೂರ್ಛೆರೋಗದಂತಹ ಸೆಳವು ಬರಬಹುದು; ನೀರೊಳಗೆ ಸೆಳವು ಎಂದರೆ ಮುಳುಗಿ ಸಾಯುವುದೇ. ಮೂರನೆಯದು ಇಂಗಾಲದ ಡೈಆಕ್ಸೈಡ್ ಏರುವುದು. ಇದು ಮಾತ್ರ ಸಾಮಾನ್ಯವಾಗಿ ತಲೆನೋವು, ಏದುಸಿರಿನ ಮೂಲಕ ಸೂಚನೆ ಕೊಡುತ್ತದೆ ನಿಜ. ಆದರೆ ಆ ಹೊತ್ತಿಗೆ ಗಾಬರಿ ಎಷ್ಟು ಏರಿರುತ್ತದೆಂದರೆ ಬಾಯಲ್ಲಿರುವುದನ್ನು ತೆಗೆದು ಬೇರೆ ಸಿಲಿಂಡರಿನ ರೆಗ್ಯುಲೇಟರ್ (ಉಸಿರಾಡುವ ಬಾಯಿತುಂಡು) ಹಾಕಿಕೊಳ್ಳಲೂ ಧೈರ್ಯ ಬರುವುದಿಲ್ಲ.

1998ರಿಂದ 2010ರವರೆಗೆ ಹವ್ಯಾಸಿ ರೀಬ್ರೀದರ್ ಡೈವರ್‌ಗಳ 181 ಸಾವುಗಳು ದಾಖಲಾಗಿವೆ. ಇದರ ಬಳಕೆದಾರರು ಸ್ಕೂಬಾದವರಿಗೆ ಹೋಲಿಸಿದರೆ ಬೆರಳೆಣಿಕೆಯಷ್ಟು ಎಂಬುದನ್ನು ನೆನೆದರೆ ಆ ಸಂಖ್ಯೆಯ ಭಾರ ತಿಳಿಯುತ್ತದೆ. 2012ರಲ್ಲಿ ಆರ್ಲ್ಯಾಂಡೊದಲ್ಲಿ ಸೇರಿದ ರೀಬ್ರೀದರ್ ತಜ್ಞರ ಸಮಾವೇಶ ಬರಹದಲ್ಲಿರುವ ಚೆಕ್‌ಲಿಸ್ಟನ್ನು ಬಳಸಲೇಬೇಕೆಂದು ಒತ್ತಿಹೇಳಿತು. ನೆನಪಿನಿಂದ ಜೋಡಿಸಬಲ್ಲೆ ಎನ್ನುವ ಹಳಬರೇ ಹೆಚ್ಚು ಅಪಾಯದಲ್ಲಿರುತ್ತಾರೆ ಎಂಬುದು ನನ್ನ ನಂಬಿಕೆ. ಜೊತೆಗಾರರು ಒಂದೊಂದೇ ಸಾಲು ಗಟ್ಟಿಯಾಗಿ ಓದಲಿ, ನೀವು ಮಾಡಿ ಉತ್ತರ ಕೊಡಿ. ನಡುವೆ ಯಾರಾದರೂ ಮಾತಿಗೆಳೆದರೆ ಆ ಭಾಗವನ್ನು ಮೊದಲಿನಿಂದ ಮಾಡಿ.

ಜೋಡಣೆ

ಮೊದಲು ಸಿಲಿಂಡರ್‌ಗಳು. ಎರಡರ ಅನಿಲವನ್ನೂ ಅನಲೈಜರ್‌ನಿಂದ ನೀವೇ ಅಳೆಯಿರಿ. ತುಂಬಿಸಿಕೊಟ್ಟವರ ಮಾತು ಸಾಲದು. ಆಮ್ಲಜನಕದ ಪ್ರಮಾಣ, ಒತ್ತಡ, ತಾರೀಖು ಬರೆದು ಅಂಟಿಸಿ. ಎರಡು ಸಿಲಿಂಡರ್ ಅದಲುಬದಲಾದರೆ ಮುಂದಿನ ಎಲ್ಲ ಎಚ್ಚರವೂ ವ್ಯರ್ಥ. ಆಮ್ಲಜನಕದ ಕಡೆಯ ಓ-ರಿಂಗ್‌ಗಳಿಗೆ, ಅಂದರೆ ಸೋರಿಕೆ ತಡೆಯುವ ರಬ್ಬರ್ ಬಳೆಗಳಿಗೆ, ಆಮ್ಲಜನಕಕ್ಕೆ ಹೊಂದುವ ಗ್ರೀಸನ್ನು ಮಾತ್ರ ಹಚ್ಚಬೇಕು. ಸಾಮಾನ್ಯ ಎಣ್ಣೆ ಅಥವಾ ಗ್ರೀಸ್ ಅಧಿಕ ಒತ್ತಡದ ಆಮ್ಲಜನಕದಲ್ಲಿ ಹೊತ್ತಿಕೊಳ್ಳುತ್ತದೆ. ಕವಾಟವನ್ನು ನಿಧಾನವಾಗಿ ತಿರುಗಿಸಬೇಕೆನ್ನುವುದೂ ಇದಕ್ಕೇ: ಅನಿಲ ಒಮ್ಮೆಲೇ ನುಗ್ಗಿ ಒತ್ತಿಕೊಂಡರೆ ಕಾವೇರುತ್ತದೆ.

ಮುಂದಿನದು ಸ್ಕ್ರಬರ್. ಇದಕ್ಕೆ ಸಮಯ ಕೊಡಿ. ಸೋಡಾ ಲೈಮ್ ಎಂದರೆ ಬಹುಪಾಲು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಜೊತೆಗೆ ಅಲ್ಪ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ತೇವ. ಇಂಗಾಲದ ಡೈಆಕ್ಸೈಡ್ ಆ ತೇವದಲ್ಲಿ ಕರಗಿ, ಸೋಡಿಯಂ ಹೈಡ್ರಾಕ್ಸೈಡ್‌ನೊಡನೆ ಸೇರಿ, ಕೊನೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದರೆ ಸುಣ್ಣದಕಲ್ಲಾಗಿ, ನಿಲ್ಲುತ್ತದೆ. ಈ ಕ್ರಿಯೆಯಲ್ಲಿ ಶಾಖವೂ ನೀರೂ ಹುಟ್ಟುತ್ತವೆ. ರೀಬ್ರೀದರ್ ಉಸಿರು ಬೆಚ್ಚಗೆ, ತೇವವಾಗಿ ಹಿತವೆನಿಸುವುದು ಅದರಿಂದಲೇ. ತಣ್ಣೀರಿನಲ್ಲಿ ಈ ಕ್ರಿಯೆ ಮಂದವಾಗಿ ಸ್ಕ್ರಬರಿನ ಆಯುಷ್ಯ ಇಳಿಯುತ್ತದೆ. ಆಮ್ಲಜನಕ ಬೇಕಾದಷ್ಟು ಉಳಿದಿದ್ದರೂ ಮುಳುಗಿನ ಅವಧಿಗೆ ಮಿತಿ ಹಾಕುವುದು ಸಾಮಾನ್ಯವಾಗಿ ಈ ಡಬ್ಬಿಯೇ.

ತುಂಬುವಾಗ ಗಾಳಿ ಬರುವ ದಿಕ್ಕಿಗೆ ಬೆನ್ನು ಕೊಡಿ. ಇದರ ಧೂಳು ಕಣ್ಣು ಗಂಟಲನ್ನು ಸುಡುತ್ತದೆ. ಕೈಗವಸು ಇರಲಿ. ಒಮ್ಮೆಗೇ ಸುರಿಯದೆ ಮೂರನೆಯ ಒಂದು ಪಾಲು ಹಾಕಿ, ಡಬ್ಬಿಯ ಪಕ್ಕಕ್ಕೆ ಅಂಗೈಯಿಂದ ಸುತ್ತಲೂ ತಟ್ಟಿ. ಹರಳುಗಳು ಕುಸಿದು ಕೂರುತ್ತವೆ. ಮತ್ತೆ ಹಾಕಿ, ಮತ್ತೆ ತಟ್ಟಿ. ಒತ್ತಿ ಪುಡಿ ಮಾಡಬಾರದು. ಮುಚ್ಚಳ ಹಾಕಿ ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಹರಳು ಸರಿದಾಡುವ ಸದ್ದು ಬರಬಾರದು. ಇಷ್ಟು ಜತನ ಏಕೆಂದರೆ, ಮರಳುಗುಡ್ಡೆಯಲ್ಲಿ ನೀರು ಸಡಿಲ ಜಾಗ ಹುಡುಕಿ ಕಾಲುವೆ ಮಾಡಿಕೊಳ್ಳುವಂತೆ, ಉಸಿರು ಕೂಡ ಸಡಿಲಾದ ಕಡೆಯಿಂದ ನುಸುಳಿ ಶುದ್ಧವಾಗದೆ ಆಚೆ ಬರುತ್ತದೆ. ಡಬ್ಬಿಯ ಅಂಚಿನ ಓ-ರಿಂಗ್ ಬಿಟ್ಟುಹೋದರೂ ಅದೇ ಗತಿ: ಗಾಳಿ ಡಬ್ಬಿಯ ಒಳಹೋಗದೆ ಹೊರಗಿಂದಲೇ ಸುತ್ತಿ ಬರುತ್ತದೆ. ಆದ್ದರಿಂದ ಆ ರಿಂಗನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿನಲ್ಲಿ ಸುತ್ತಲೂ ಸವರಿ. ಒಂದು ಕೂದಲು, ಒಂದು ಹರಳು ಸಿಕ್ಕಿದರೂ ಒರೆಸಿ ಮತ್ತೆ ಕೂರಿಸಿ.

ಸೆನ್ಸರ್‌ಗಳು ಸಾಮಾನ್ಯವಾಗಿ ಮೂರು. ಆಮ್ಲಜನಕ ತಾಗಿದಷ್ಟೂ ವಿದ್ಯುತ್ ಹುಟ್ಟಿಸುವ ಪುಟ್ಟ ಕೋಶಗಳಿವು. ಬಳಸಲಿ ಬಿಡಲಿ, ಸವೆಯುತ್ತವೆ. ಮೇಲಿನ ತಾರೀಖು ನೋಡಿ, ತಯಾರಕರು ಹೇಳಿದ ಅವಧಿ ಮುಗಿದದ್ದನ್ನು ಕನಿಕರವಿಲ್ಲದೆ ಎಸೆಯಿರಿ. ಗಾಳಿಯಲ್ಲಿ ಹೊಸ ಸೆನ್ಸರ್ ಸುಮಾರು 8ರಿಂದ 13 ಮಿಲಿವೋಲ್ಟ್ ತೋರಿಸುತ್ತದೆ. ಗಾಳಿಯ ಅಂಕಿಯನ್ನು 4.76ರಿಂದ ಗುಣಿಸಿದರೆ ಶುದ್ಧ ಆಮ್ಲಜನಕದಲ್ಲಿ ಬರಬೇಕಾದ ಅಂಕಿ ಸಿಗುತ್ತದೆ: 10.5 ಇದ್ದರೆ 50ರ ಆಸುಪಾಸು. 42 ಬಂದರೆ ಆ ಸೆನ್ಸರ್ ದಣಿದಿದೆ. ಮೂರರಲ್ಲಿ ಎರಡು ಒಂದೇ ಅಂಕಿ ಹೇಳಿದರೆ ಕಂಪ್ಯೂಟರ್ ಅವನ್ನೇ ನಂಬುತ್ತದೆ. ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಎರಡು ಒಟ್ಟಿಗೆ ಕೆಟ್ಟರೆ, ಸತ್ಯ ಹೇಳುವ ಮೂರನೆಯದಕ್ಕೆ ಅಲ್ಲಿ ಸೋಲು.

ಹೋಸ್‌ಗಳನ್ನು ಕೂರಿಸುವ ಮೊದಲು ಬಾಯಿತುಂಡಿನ ಬಿಲ್ಲೆಗಳನ್ನು ಪರೀಕ್ಷಿಸಿ. ಉಸಿರು ತರುವ ಹೋಸನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದರೆ ಏನೂ ಬರಬಾರದು. ಉಸಿರು ಒಯ್ಯುವ ಹೋಸನ್ನು ಮುಚ್ಚಿ ಊದಿದರೆ ಏನೂ ಹೋಗಬಾರದು. ಒಣಗಿದ ಉಪ್ಪಿನ ಒಂದು ಕಣ ಬಿಲ್ಲೆಯ ಅಂಚನ್ನು ಎತ್ತಿ ಹಿಡಿದರೂ ಬಿಟ್ಟ ಉಸಿರು ಸ್ಕ್ರಬರಿಗೆ ಹೋಗದೆ ಬಾಯಿಗೇ ಮರಳುತ್ತದೆ. ಈ ದೋಷವನ್ನು ಯಾವ ಆಮ್ಲಜನಕ ಸೆನ್ಸರೂ ಹಿಡಿಯಲಾರದು.

ಒತ್ತಡ ಪರೀಕ್ಷೆಗಳು

ಜೋಡಣೆ ಮುಗಿದ ಮೇಲೆ ಹೆಚ್ಚುವರಿ ಒತ್ತಡದ ಕವಾಟವನ್ನು ಬಿಗಿಮಾಡಿ, ಚೀಲಗಳು ಬಿರುಸಾಗುವಷ್ಟು ಅನಿಲ ತುಂಬಿ ಬಿಡಿ. ಕೈಪಿಡಿ ಹೇಳಿದಷ್ಟು ನಿಮಿಷ ಅವು ಹಾಗೇ ಇರಬೇಕು. ಆಮೇಲೆ ತದ್ವಿರುದ್ಧ: ಬಾಯಿಯಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು ಬಾಯಿತುಂಡನ್ನು ಮುಚ್ಚಿ. ಹೋಸ್‌ಗಳು ಕುಗ್ಗಿ ಮುದುಡಿಕೊಳ್ಳುತ್ತವೆ. ನಿಧಾನವಾಗಿ ಅವು ಸಡಿಲವಾಗತೊಡಗಿದರೆ ಎಲ್ಲೋ ಸೋರಿಕೆ ಇದೆ. ನೀರು ಒಳಬರುವ ದಾರಿಯೂ ಅದೇ. ನೀರು ಸ್ಕ್ರಬರಿಗೆ ತಲುಪಿದರೆ ಕ್ಷಾರದ ದ್ರವ ಬಾಯಿಗೆ ಬಂದು ಸುಡುತ್ತದೆ. ಎರಡರಲ್ಲಿ ಯಾವುದು ನಪಾಸಾದರೂ ಅಂದಿನ ಮುಳುಗು ನಿಲ್ಲಬೇಕು. "ಸ್ವಲ್ಪ ತಾನೇ" ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ.

ಇಷ್ಟಾದ ಮೇಲೆ ಎರಡೂ ಸಿಲಿಂಡರ್‌ಗಳ ಕವಾಟ ತೆರೆದು, ಕ್ಯಾಲಿಬ್ರೇಷನ್ ಮಾಡಿ, ಅಂದರೆ ಸೆನ್ಸರ್‌ಗಳ ಅಂಕಿಯನ್ನು ಸರಿಹೊಂದಿಸಿ, ಕೈಯಿಂದ ಅನಿಲ ಸೇರಿಸುವ ಗುಂಡಿಗಳನ್ನು ಒತ್ತಿ ನೋಡಿ. ಕೊನೆಗೆ ಕುಳಿತುಕೊಂಡು, ಮೂಗು ಮುಚ್ಚಿ, ಐದು ನಿಮಿಷ ಯಂತ್ರದಲ್ಲೇ ಉಸಿರಾಡಿ. ಸೊಲೆನಾಯ್ಡಿನ ಟಕ್ ಸದ್ದು ಕೇಳಬೇಕು, ಪರದೆಯ ಅಂಕಿ ನಿಗದಿಯ ಸುತ್ತ ನಿಲ್ಲಬೇಕು. ಈ ಐದು ನಿಮಿಷ ಸ್ಕ್ರಬರ್ ಸರಿಯಿದೆಯೇ ಎಂಬುದನ್ನೂ ಹೇಳಿಬಿಡುತ್ತದೆಂದು ಅನೇಕರು ನಂಬಿದ್ದಾರೆ. ಅದು ತಪ್ಪು. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಕ್ರಬರನ್ನೇ ತೆಗೆದಿಟ್ಟಾಗಲೂ ಕೆಲವರಿಗೆ ಗೊತ್ತಾಗಲಿಲ್ಲ; ಅರೆಬರೆ ಸೋರಿಕೆಯಂತೂ ಹೆಚ್ಚಿನವರ ಗಮನಕ್ಕೇ ಬರಲಿಲ್ಲ. ಸ್ಕ್ರಬರಿಗೆ ಸಾಕ್ಷಿ ನೀವು ಅದನ್ನು ತುಂಬಿದ ರೀತಿ ಮಾತ್ರ.

ನೀರಿನಲ್ಲಿ, ಆಮೇಲೆ

ಕೆಲವು ಮೀಟರ್ ಇಳಿದು ನಿಲ್ಲಿ. ಜೊತೆಗಾರರು ನಿಮ್ಮ ಸುತ್ತ ಬಂದು ಎಲ್ಲಾದರೂ ಗುಳ್ಳೆ ಏಳುತ್ತಿದೆಯೇ ನೋಡಲಿ. 6 ಮೀಟರಿನಲ್ಲಿ ಒಳಗಿನ ಗಾಳಿಯನ್ನೆಲ್ಲ ಆಮ್ಲಜನಕದಿಂದ ತೊಳೆದು ತುಂಬಿದರೆ ಸೆನ್ಸರ್ 1.6ರ ಹತ್ತಿರ ಹೋಗಬೇಕು. 1.2ರಲ್ಲೇ ನಿಂತ ಸೆನ್ಸರ್ ಮಹಾ ಅಪಾಯಕಾರಿ: ನಿಗದಿ 1.3 ಇದ್ದರೆ, ಅದು ಎಂದೂ ಬರದ ಅಂಕಿಗಾಗಿ ಯಂತ್ರ ಆಮ್ಲಜನಕವನ್ನು ಸುರಿಯುತ್ತಲೇ ಹೋಗುತ್ತದೆ. ತರಬೇತಿ ಪಡೆದವರು ಕೈಪಿಡಿಯ ಕ್ರಮದಂತೆ ಮಾತ್ರ ಈ ಪರೀಕ್ಷೆ ಮಾಡಬೇಕು. ತಳದಲ್ಲಿ ಸಂಶಯ ಬಂದರೆ ಡೈಲ್ಯುಯೆಂಟ್‌ನಿಂದ ತೊಳೆದು ನೋಡಬಹುದು. ಗಾಳಿಯೇ ಡೈಲ್ಯುಯೆಂಟ್ ಆಗಿದ್ದರೆ 30 ಮೀಟರಿನಲ್ಲಿ 0.84 ಬರಬೇಕು. ಯಾವ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂಬುದು ಆಗ ಬಯಲಾಗುತ್ತದೆ. ಪರದೆಯನ್ನು ಆಗಾಗ ನೋಡುತ್ತಿರಿ. ಈಗಿನ ಅಂಕಿ ಎಷ್ಟೆಂದು ಕೇಳಿದರೆ ಥಟ್ಟನೆ ಹೇಳುವಂತಿರಬೇಕು.

ಎಲ್ಲಿಂದ ಬೇಕಾದರೂ ಮೇಲ್ಮೈಗೆ ತಲುಪಿಸುವಷ್ಟು ಅನಿಲವಿರುವ ಪ್ರತ್ಯೇಕ ಬೇಲ್‌ಔಟ್ (ತುರ್ತಿನ) ಸಿಲಿಂಡರ್ ಜೊತೆಗಿರಲೇಬೇಕು. ಏದುಸಿರು ಬಂದರೆ, ಅಂಕಿಗಳು ಹೊಂದದಿದ್ದರೆ, ಮನಸ್ಸಿಗೆ ಏನೋ ಸರಿಯಿಲ್ಲ ಅನಿಸಿದರೂ ಸಾಕು, ಮೊದಲು ಅದಕ್ಕೆ ಬದಲಾಯಿಸಿಕೊಳ್ಳಿ. ಕಾರಣ ಹುಡುಕುವುದು ಆಮೇಲೆ. ರೀಬ್ರೀದರ್ ಬಾಯಿತುಂಡನ್ನು ಮುಚ್ಚಿಯೇ ತೆಗೆಯಿರಿ, ಇಲ್ಲದಿದ್ದರೆ ನೀರು ಒಳನುಗ್ಗುತ್ತದೆ.

ಮೇಲೆ ಬಂದ ಮೇಲೆ ಸ್ಕ್ರಬರ್ ಎಷ್ಟು ಹೊತ್ತು ದುಡಿಯಿತೆಂದು ಅದರ ಮೇಲೇ ಬರೆಯಿರಿ. ಬಳಸಿದ ಸೋಡಾ ಲೈಮ್ ನೋಡಲು ಸಾಮಾನ್ಯವಾಗಿ ಹೊಸದರಂತೆಯೇ ಇರುತ್ತದೆ. ಎಷ್ಟು ಹೊತ್ತು ಬಳಸಿದ್ದೆಂಬ ಖಚಿತ ಲೆಕ್ಕ ಇಲ್ಲದಿದ್ದರೆ ಸುರಿದು ಹೊಸದು ತುಂಬಿ. ಹೋಸ್, ಚೀಲಗಳನ್ನು ಸಿಹಿನೀರಿನಲ್ಲಿ ತೊಳೆದು, ತಯಾರಕರು ಹೇಳಿದ ಕ್ರಿಮಿನಾಶಕದಲ್ಲಿ ನೆನೆಸಿ, ನೆರಳಿನಲ್ಲಿ ತೂಗುಹಾಕಿ. ಬಾಯಿತುಂಡಿನ ಬಿಲ್ಲೆಗಳನ್ನು ಬಿಚ್ಚಿ ಉಪ್ಪು ಹೋಗುವವರೆಗೆ ತೊಳೆಯಿರಿ, ಸೆನ್ಸರ್‌ಗಳ ಮೇಲಿನ ತೇವ ಆರಲು ಬಿಡಿ, ಸಿಲಿಂಡರ್‌ಗಳಲ್ಲಿ ಉಳಿದ ಒತ್ತಡವನ್ನು ಪುಸ್ತಕದಲ್ಲಿ ಗುರುತಿಸಿ.