ಯಂತ್ರಕ್ಕೆ ಹಾಕುವ ಮೊದಲು ಪೆನ್ನಿಯನ್ನು ಬೆಳಗಿ

ಅಮೆರಿಕದ ಮೃಗಾಲಯ, ವಸ್ತುಸಂಗ್ರಹಾಲಯ, ಡಿಸ್ನಿ ಉದ್ಯಾನಗಳಂಥ ಕಡೆ ಸುತ್ತಾಡಿ ಬಂದವರು ಆ ಯಂತ್ರವನ್ನು ನೋಡಿಯೇ ಇರುತ್ತಾರೆ. ಗಾಜಿನ ಪೆಟ್ಟಿಗೆಯೊಳಗೆ ಹಲ್ಲುಚಕ್ರಗಳು, ಹೊರಗೆ ಒಂದು ದೊಡ್ಡ ಹಿಡಿ. ಎರಡು ಕ್ವಾರ್ಟರ್ (ಇಪ್ಪತ್ತೈದು ಸೆಂಟಿನ ನಾಣ್ಯ) ಮತ್ತು ಒಂದು ಪೆನ್ನಿ (ಒಂದು ಸೆಂಟಿನ ನಾಣ್ಯ) ಹಾಕಿ ಹಿಡಿ ತಿರುಗಿಸಿದರೆ, ಪೆನ್ನಿಯು ಎರಡು ಉಕ್ಕಿನ ಉರುಳೆಗಳ ನಡುವೆ ಸಿಕ್ಕಿ ಚಪ್ಪಟೆಯಾಗುತ್ತದೆ. ಪೆನ್ನಿಯ ಮೇಲಿದ್ದ ಅಧ್ಯಕ್ಷ ಲಿಂಕನ್ ಮುಖ ಮಾಯವಾಗಿ, ಆ ಸ್ಥಳದ ಚಿತ್ರ ಮೂಡಿದ ಒಂದೂವರೆ ಇಂಚು ಉದ್ದದ ಮೊಟ್ಟೆಯಾಕಾರದ ತಗಡು ಕೆಳಗೆ ಬೀಳುತ್ತದೆ. ಕೆಲವು ಕಡೆ ಈಗ ಒಂದು ಡಾಲರ್ ಕೇಳುತ್ತಾರೆ. ಈ ಚಾಳಿ ಹೊಸದಲ್ಲ. 1893ರ ಷಿಕಾಗೊ ವಿಶ್ವಮೇಳದಲ್ಲೇ ಜನ ಹೀಗೆ ನಾಣ್ಯ ಒತ್ತಿಸಿಕೊಂಡು ಮನೆಗೆ ಒಯ್ದಿದ್ದರು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಅಂಗವಾಗಿಯೇ.

ಯಂತ್ರದ ಮುಂದೆ ನಿಂತು ಜೇಬು ತಡಕಿದರೆ ಸಾಮಾನ್ಯವಾಗಿ ಸಿಗುವುದು ಕಪ್ಪು ಹಿಡಿದ, ಜಿಡ್ಡುಗಟ್ಟಿದ ಒಂದು ಪೆನ್ನಿ. ಅದನ್ನೇ ಹಾಕಿದರೆ ಮೇಲಿನ ಕೊಳೆಯೂ ಲೋಹದ ಜೊತೆಗೇ ಹಿಗ್ಗಿ, ಚಿತ್ರದ ತುಂಬ ಮಾಸಲು ಗೆರೆಗಳು ಬೀಳುತ್ತವೆ. ಮನೆಯಿಂದ ಹೊರಡುವ ಹಿಂದಿನ ದಿನ ಅರ್ಧ ಗಂಟೆ ಕೊಟ್ಟರೆ ಈ ಪಾಡು ತಪ್ಪುತ್ತದೆ. ಆದರೆ ತೊಳೆಯುವುದಕ್ಕಿಂತ ಮುಖ್ಯವಾದದ್ದು ಆರಿಸುವುದು. ತಪ್ಪು ಪೆನ್ನಿಯನ್ನು ಎಷ್ಟು ಬೆಳಗಿದರೂ ಒತ್ತಿದ ಮೇಲೆ ಅದು ತನ್ನ ಬಣ್ಣ ತೋರಿಸಿಯೇ ತೀರುತ್ತದೆ.

ಮೊದಲು ಇಸವಿ ನೋಡಿ

1982ಕ್ಕೆ ಹಿಂದಿನ ಪೆನ್ನಿಯಲ್ಲಿ 95 ಶೇಕಡ ತಾಮ್ರ. ಆ ವರ್ಷದ ನಡುವೆ ಟಂಕಸಾಲೆ ಮಿಶ್ರಣವನ್ನೇ ಬದಲಿಸಿತು. ಅಲ್ಲಿಂದಾಚೆಗಿನ ಪೆನ್ನಿ ಎಂದರೆ ಸತುವಿನ ಬಿಲ್ಲೆಗೆ ಹೊದಿಸಿದ ತೆಳ್ಳಗಿನ ತಾಮ್ರದ ಲೇಪ. ಇಡೀ ನಾಣ್ಯದಲ್ಲಿ ತಾಮ್ರ 2.5 ಶೇಕಡ ಮಾತ್ರ, ಉಳಿದದ್ದೆಲ್ಲ ಸತು. ಉರುಳೆಯ ಒತ್ತಡಕ್ಕೆ ನಾಣ್ಯ ಹಿಗ್ಗುವಾಗ ಆ ಲೇಪ ಅಲ್ಲಲ್ಲಿ ಹರಿಯುತ್ತದೆ, ಒಳಗಿನ ಸತು ಬೆಳ್ಳಗಿನ ಎಳೆಗಳಾಗಿ ಇಣುಕುತ್ತದೆ. ಕೆಲವರಿಗೆ ಆ ಬೆಳ್ಳಿಗೆರೆ ಇಷ್ಟವಂತೆ. ನನಗೆ ಅದು ಬಣ್ಣ ಕಿತ್ತ ಗೋಡೆಯ ಹಾಗೆ ಕಾಣುತ್ತದೆ. ಸಂಗ್ರಹಕಾರರಲ್ಲಿ ಬಹುಪಾಲು ಜನ 1982ಕ್ಕೆ ಹಿಂದಿನದನ್ನೇ ಹುಡುಕುತ್ತಾರೆ.

1981ರವರೆಗಿನದಾದರೆ ಯೋಚನೆಯೇ ಬೇಡ. 1982 ಎಂದಿದ್ದರೆ ತೂಕ ಮಾಡಬೇಕು: ತಾಮ್ರದ್ದು 3.11 ಗ್ರಾಂ, ಸತುವಿನದು 2.5 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಒಂದೊಂದು ನಾಣ್ಯದ ವ್ಯತ್ಯಾಸ ತಿಳಿಯದಿದ್ದರೆ ಕಿವಿಯನ್ನು ನಂಬಿ. ಗಟ್ಟಿಯಾದ ಕಲ್ಲಿನ ಕಟ್ಟೆಯ ಮೇಲೆ ಒಂದಡಿ ಎತ್ತರದಿಂದ ಬೀಳಿಸಿದಾಗ ತಾಮ್ರದ್ದು ಟಿಣ್ ಎಂದು ನಾದ ಹೊರಡಿಸುತ್ತದೆ, ಸತುವಿನದು ಟಪ್ ಎಂದು ಸತ್ತ ಸದ್ದು ಮಾಡುತ್ತದೆ.

ಚಿಲ್ಲರೆ ಡಬ್ಬಿಯಲ್ಲಿ ಹಳೆಯವು ಸಿಗದಿದ್ದರೆ ಬ್ಯಾಂಕಿನಲ್ಲಿ ಐವತ್ತು ಪೆನ್ನಿಗಳ ಸುರುಳಿ ಕೇಳಿ ನೋಡಬಹುದು. ಐವತ್ತು ಸೆಂಟ್ ಕೊಟ್ಟು ತಂದು, ಬೇಕಾದವನ್ನು ಆರಿಸಿಕೊಂಡು ಉಳಿದವನ್ನು ಹಿಂದಿರುಗಿಸಿದರಾಯಿತು. ಚಲಾವಣೆಗಾಗಿ ಪೆನ್ನಿ ಟಂಕಿಸುವುದು 2025ರ ನವೆಂಬರ್ 12ಕ್ಕೆ ಫಿಲಡೆಲ್ಫಿಯಾದಲ್ಲಿ ನಿಂತಿದೆ. ಇರುವವು ಚಲಾವಣೆಯಲ್ಲೇ ಇವೆ, ಮಾನ್ಯತೆಯೂ ಹೋಗಿಲ್ಲ. ಆದರೂ ಕೈಗೆ ಸಿಕ್ಕಾಗ ಒಂದು ಹಿಡಿ ಎತ್ತಿಡುವುದು ಜಾಣತನ.

ಇನ್ನೊಂದು ಎಚ್ಚರಿಕೆ. ಬೆಲೆಬಾಳುವ ನಾಣ್ಯವನ್ನು ತೊಳೆಯಲೂ ಬಾರದು, ಒತ್ತಲೂ ಬಾರದು. ಹಿಂಬದಿಯಲ್ಲಿ ಎರಡು ಗೋಧಿ ತೆನೆಗಳಿರುವ ಪೆನ್ನಿ 1909ರಿಂದ 1958ರ ನಡುವಿನದು. ಇವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಬೆಲೆಯೇನಿಲ್ಲ. ಆದರೆ 1909ರದಾಗಿದ್ದು ಇಸವಿಯ ಕೆಳಗೆ ‘ಎಸ್’, ಹಿಂಬದಿಯ ಅಂಚಿನಲ್ಲಿ ‘ವಿಡಿಬಿ’ ಎಂಬ ಪುಟ್ಟ ಅಕ್ಷರಗಳಿದ್ದರೆ ಅದನ್ನು ಕೆಳಗಿಟ್ಟು ನಾಣ್ಯ ಬಲ್ಲವರನ್ನು ಹುಡುಕಿ. ಅಂಥವು ಟಂಕವಾದದ್ದೇ 4,84,000. ಅಕ್ಷರ, ಇಸವಿಗಳೆಲ್ಲ ಜೋಡಿಜೋಡಿಯಾಗಿ ಮೂಡಿರುವ 1955ರ ನಾಣ್ಯವೂ ಹಾಗೆಯೇ. 1943ರ ಬೂದುಬಣ್ಣದ ಪೆನ್ನಿ ಯುದ್ಧಕಾಲದ ಉಕ್ಕಿನದು, ಅಯಸ್ಕಾಂತಕ್ಕೆ ಅಂಟುತ್ತದೆ. ಅದು ಈ ಕೆಲಸಕ್ಕೆ ಬರುವುದಿಲ್ಲ.

ಹುಳಿಯ ಕೆಲಸ

ಆರಿಸಿಕೊಂಡ ಪೆನ್ನಿಗಳನ್ನು ಮೊದಲು ಬಿಸಿನೀರಿಗೆ ಹಾಕಿ, ಪಾತ್ರೆ ತೊಳೆಯುವ ಸಾಬೂನು ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುವ ಹಂತ ಇದು. ಕೈಯಿಂದ ಕೈಗೆ ಓಡಾಡಿದ ನಾಣ್ಯದ ಮೇಲೆ ಎಣ್ಣೆಯ ಪದರವಿರುತ್ತದೆ. ಅದು ಹೋಗದೆ ಹುಳಿಗೆ ತಾಮ್ರ ತಾಕುವುದಿಲ್ಲ, ನಾಣ್ಯ ಚುಕ್ಕೆಚುಕ್ಕೆಯಾಗಿ ಮಾತ್ರ ಶುಚಿಯಾಗುತ್ತದೆ.

ನಂತರ ಗಾಜಿನ ಅಥವಾ ಪಿಂಗಾಣಿಯ ಬಟ್ಟಲಿನಲ್ಲಿ ಕಾಲು ಕಪ್ ಬಿಳಿ ವಿನೆಗರ್ ಸುರಿದು, ಒಂದು ಟೀ ಚಮಚ ಉಪ್ಪು ಹಾಕಿ ಕರಗುವವರೆಗೆ ಕದಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಕಬ್ಬಿಣದ ಇಕ್ಕಳವೂ ಬೇಡ. ನಾಣ್ಯದಿಂದ ಬಿಟ್ಟ ತಾಮ್ರ ಆ ಲೋಹಗಳ ಮೇಲೆ ಹೋಗಿ ಕೂರುತ್ತದೆ. ಬೇಕಿದ್ದರೆ ಕೊನೆಯಲ್ಲಿ ಆ ನೀರಿಗೊಂದು ಕಬ್ಬಿಣದ ಮೊಳೆ ಹಾಕಿಟ್ಟು ನೋಡಿ, ಸ್ವಲ್ಪ ಹೊತ್ತಿನಲ್ಲಿ ಮೊಳೆಯ ಮೈ ಕೆಂಪಾಗಿರುತ್ತದೆ.

ಮಕ್ಕಳು ಜೊತೆಗಿದ್ದರೆ ಮೊದಲ ಪೆನ್ನಿಯನ್ನು ಪೂರ್ತಿ ಮುಳುಗಿಸಬೇಡಿ. ಅಂಚು ಹಿಡಿದು ಲಿಂಕನ್ ಮೂಗಿನವರೆಗೆ ಮಾತ್ರ ಅದ್ದಿ, ನಿಧಾನವಾಗಿ ಇಪ್ಪತ್ತು ಎಣಿಸಿ ಎತ್ತಿ. ಗೆರೆ ಎಳೆದ ಹಾಗೆ ಕೆಳಗಿನ ಅರ್ಧ ಎಳೆಗೆಂಪು, ಮೇಲಿನ ಅರ್ಧ ಕಂದು. ತಾಮ್ರ ಗಾಳಿಯ ಆಮ್ಲಜನಕದೊಡನೆ ಸೇರಿ ಕಟ್ಟಿಕೊಂಡಿದ್ದ ಆಕ್ಸೈಡ್ ಪದರವನ್ನು ಹುಳಿ ಕರಗಿಸಿದೆ. ಹುಳಿಯೊಂದೇ ಇದ್ದರೆ ಈ ಕೆಲಸ ನಿಧಾನ. ಉಪ್ಪಿನಲ್ಲಿರುವ ಕ್ಲೋರೈಡ್ ಸೇರಿದಾಗ ಚುರುಕಾಗುತ್ತದೆ.

ಉಳಿದ ಪೆನ್ನಿಗಳನ್ನು ಬಟ್ಟಲಿನ ತಳದಲ್ಲಿ ಬಿಡಿಬಿಡಿಯಾಗಿ ಹರಡಿ. ಒಂದರ ಮೇಲೊಂದು ಕೂತರೆ ಮುಚ್ಚಿಹೋದ ಜಾಗ ಕಪ್ಪಾಗಿಯೇ ಉಳಿಯುತ್ತದೆ. ಎರಡು ನಿಮಿಷಕ್ಕೊಮ್ಮೆ ಮಗುಚಿ ಹಾಕಿ. ಐದು ನಿಮಿಷ ಸಾಕು. ತೀರಾ ಹಟಮಾರಿಯಾದದ್ದಕ್ಕೆ ಹತ್ತು ನಿಮಿಷ ಕೊಡಿ. ರಾತ್ರಿಯಿಡೀ ನೆನೆಹಾಕುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಹೆಚ್ಚು ಹೊತ್ತಾದರೆ ಹುಳಿ ಲೋಹದ ಮೈಯನ್ನೇ ತಿನ್ನುತ್ತದೆ.

ಬೇರೆ ದಾರಿಯಿಲ್ಲದೆ ಸತುವಿನ ಪೆನ್ನಿಯನ್ನೇ ತೊಳೆಯಬೇಕಾದರೆ ಬೇರೆ ಬಟ್ಟಲಿನಲ್ಲಿ, ಅರ್ಧ ನಿಮಿಷ ಮಾತ್ರ. ಲೇಪದಲ್ಲಿ ಒಂದು ಗೀರು ಇದ್ದರೂ ಹುಳಿ ಒಳಗೆ ಇಳಿದು ಸತುವನ್ನು ಕೊರೆಯುತ್ತದೆ. ಸಣ್ಣ ಗುಳ್ಳೆಗಳು ಏಳತೊಡಗಿದರೆ ಹೈಡ್ರೋಜನ್ ಹೊರಡುತ್ತಿದೆ ಎಂದರ್ಥ, ಕೂಡಲೇ ತೆಗೆದುಬಿಡಿ.

ವಿನೆಗರ್ ಏಕೆ, ಹುಣಸೆಹಣ್ಣು ಇಲ್ಲವೇ ಎಂದು ಓದುಗರು ಕೇಳುವುದು ಸಹಜ. ಖಂಡಿತ ಇದೆ. ಪೂಜೆಯ ಚೊಂಬು, ಪಂಚಪಾತ್ರೆಗಳನ್ನು ಬೆಳಗುವ ವಿದ್ಯೆಯೇ ಇದು. ನೆನೆಸಿದ ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಬೆರಳ ತುದಿಯಿಂದ ಉಜ್ಜಿದರೆ ಪೆನ್ನಿ ಕಣ್ಣೆದುರಿಗೇ ಬಣ್ಣ ತಿರುಗುತ್ತದೆ. ಅದರ ಟಾರ್ಟಾರಿಕ್ ಆಮ್ಲ ಮಾಡುವ ಕೆಲಸವೂ ವಿನೆಗರ್‌ನದೇ. ಫೀನಿಕ್ಸ್‌ನಲ್ಲೋ ಡಲ್ಲಾಸ್‌ನಲ್ಲೋ ಮಗಳ ಮನೆಗೆ ಹೋಗಿರುವ ಅಜ್ಜಿಯರು ಮೊಮ್ಮಕ್ಕಳ ಮುಂದೆ ತೋರಿಸಬಹುದಾದ ಒಳ್ಳೆಯ ಚಮತ್ಕಾರ. ನಾಲ್ಕೈದು ನಾಣ್ಯಗಳಿಗೆ ಹುಣಸೆಹಣ್ಣೇ ಮೇಲು. ಐವತ್ತು ಇದ್ದರೆ ಬೆರಳು ಸೋಲುತ್ತದೆ, ಆಗ ವಿನೆಗರ್ ಸರಿ. ಉಕ್ಕಿನ ಜುಂಗು, ಪಾತ್ರೆ ಉಜ್ಜುವ ಒರಟು ನಾರು, ಮರಳು ಕಾಗದಗಳನ್ನು ಮಾತ್ರ ಹತ್ತಿರ ತರಬೇಡಿ. ಅವು ಎಳೆಯುವ ಗೀರುಗಳಲ್ಲಿ ಆಳವಾದವು ಒತ್ತಿದ ಮೇಲೂ ಉಳಿಯುತ್ತವೆ.

ಬ್ಲೀಚ್ ಅನ್ನು ಈ ಬಟ್ಟಲಿನ ಹತ್ತಿರವೂ ಸುಳಿಯಗೊಡಬೇಡಿ. ವಿನೆಗರ್ ಜೊತೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ನಾಣ್ಯಗಳನ್ನು ನೆಲದ ಮೇಲೆ ಹರಡಿ ಬಿಟ್ಟು ಏಳಬೇಡಿ. ಸತುವಿನ ಪೆನ್ನಿ ಹೊಟ್ಟೆಗೆ ಹೋದರೆ ಜಠರದ ಆಮ್ಲದೊಂದಿಗೆ ವರ್ತಿಸಿ ಅಪಾಯ ಮಾಡುತ್ತದೆ.

ತೊಳೆದದ್ದನ್ನು ಮತ್ತೆ ತೊಳೆಯುವುದು

ಹುಳಿಯಿಂದ ತೆಗೆದ ಪೆನ್ನಿ ಚೆನ್ನಾಗಿ ಕಾಣುತ್ತದೆಂದು ಹಾಗೆಯೇ ಒಣಗಲು ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅಂಚಿನಲ್ಲಿ ಹಸಿರು ಕಿಲುಬು ಕಟ್ಟತೊಡಗುತ್ತದೆ. ಅಂಟಿಕೊಂಡ ಉಪ್ಪುಹುಳಿ, ತಾಮ್ರ, ಗಾಳಿ ಮೂರೂ ಸೇರಿ ಮಾಡುವ ಕೆಲಸ ಅದು. ಆದ್ದರಿಂದ ಮೊದಲು ನಲ್ಲಿಯ ನೀರಿನಡಿ ತೊಳೆಯಿರಿ. ಆಮೇಲೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಅದರಲ್ಲಿ ಒಂದು ನಿಮಿಷ ಅದ್ದಿಡಿ. ಉಳಿದಿದ್ದ ಹುಳಿ ಅಲ್ಲಿ ತಣ್ಣಗಾಗುತ್ತದೆ. ಮತ್ತೊಮ್ಮೆ ಶುದ್ಧ ನೀರಿನಲ್ಲಿ ಜಾಲಾಡಿ, ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೂ ಒತ್ತಿ ಒರೆಸಿ. ಅಕ್ಷರಗಳ ಸಂದಿಯಲ್ಲಿ ತೇವ ನಿಲ್ಲುವುದರಿಂದ ಗಾಳಿಯಲ್ಲಿ ತಾನಾಗಿ ಒಣಗಲಿ ಎಂದು ಬಿಡುವುದು ಸರಿಯಲ್ಲ.

ಈ ಹೊತ್ತಿಗೆ ಪೆನ್ನಿ ಸ್ವಲ್ಪ ಗುಲಾಬಿ ಛಾಯೆಯಲ್ಲಿ, ಹೊಳಪಿಲ್ಲದೆ ಮಂಕಾಗಿ ಕಂಡರೆ ನಿರಾಶರಾಗಬೇಡಿ. ಹುಳಿ ಕೊಳೆ ತೆಗೆಯುತ್ತದೆ, ಹೊಳಪು ಕೊಡುವುದಿಲ್ಲ. ನಯವಾದ ಉಕ್ಕಿನ ಉರುಳೆ ಒತ್ತುವಾಗ ಆ ಹೊಳಪು ತಾನಾಗಿಯೇ ಬರುತ್ತದೆ. ಹೀಗಾಗಿ ಪಾಲಿಷ್ ಡಬ್ಬಿಗಳಿಗೆ ದುಡ್ಡು ಸುರಿಯುವುದು ದಂಡ. ತೀರಾ ಮನಸ್ಸಾದರೆ ಪೆನ್ಸಿಲ್‌ನ ರಬ್ಬರಿನಿಂದ ನಾಲ್ಕು ಸಲ ಉಜ್ಜಿ.

ಬಟ್ಟಲಲ್ಲಿ ಉಳಿದ ನೀಲಿಹಸಿರು ನೀರಿನಲ್ಲಿ ತಾಮ್ರ ಕರಗಿರುತ್ತದೆ. ಗಿಡಕ್ಕೆ ಹಾಕದೆ, ಧಾರಾಳವಾಗಿ ನೀರು ಬಿಟ್ಟು ಸಿಂಕಿನಲ್ಲಿ ಸಾಗಹಾಕಿ.

ಯಂತ್ರದ ಬಳಿ

ತೊಳೆದ ಪೆನ್ನಿಗಳನ್ನು ಜೇಬಿನಲ್ಲಿ ಬೀಗದ ಕೈಗಳ ಜೊತೆ ಹಾಕಿಕೊಂಡರೆ ಮಾಡಿದ್ದೆಲ್ಲ ನೀರುಪಾಲು. ಸಂಗ್ರಹಕಾರರ ನಡುವೆ ಒಂದು ಉಪಾಯ ಬಹಳ ಪ್ರಸಿದ್ಧ: ಎಂ ಆ್ಯಂಡ್ ಎಂ ಮಿನಿಸ್ ಮಿಠಾಯಿಯ ಖಾಲಿ ಕೊಳವೆ. ಕ್ವಾರ್ಟರ್ ಅದರೊಳಗೆ ಅಳತೆ ಮಾಡಿಸಿದಂತೆ ಕೂರುತ್ತದೆ. ಎರಡು ಕ್ವಾರ್ಟರ್, ಒಂದು ಪೆನ್ನಿ, ಮತ್ತೆ ಎರಡು ಕ್ವಾರ್ಟರ್, ಒಂದು ಪೆನ್ನಿ ಎಂದು ಜೋಡಿಸಿಟ್ಟರೆ ಯಂತ್ರದ ಮುಂದೆ ಎಣಿಸುವ ಗೊಡವೆಯಿಲ್ಲ, ಹಿಂದೆ ಸಾಲಿನಲ್ಲಿ ನಿಂತವರ ಗೊಣಗಾಟವೂ ಇಲ್ಲ. ಕಾರ್ಡ್ ತೋರಿಸಿದರೆ ತಾನೇ ಬಿಲ್ಲೆ ಹಾಕಿಕೊಳ್ಳುವ ಹೊಸ ಯಂತ್ರಗಳೂ ಬಂದಿವೆ. ಅಂಥ ಕಡೆ ನಿಮ್ಮ ಪೆನ್ನಿಗೆ ಕೆಲಸವಿಲ್ಲ, ಹೋಗುವ ಮೊದಲು ವಿಚಾರಿಸಿಕೊಳ್ಳಿ.

ಬೇಕಾದ ಚಿತ್ರವನ್ನು ಆರಿಸಿಕೊಂಡು, ಹಿಡಿಯನ್ನು ಬಾಣದ ಗುರುತಿನ ದಿಕ್ಕಿಗೇ ಒಂದೇ ವೇಗದಲ್ಲಿ ತಿರುಗಿಸಿ. ನಡುವೆ ನಿಲ್ಲಿಸಿ ಹಿಂದಕ್ಕೆ ಎಳೆಯಬೇಡಿ. ಬಿದ್ದ ನಾಣ್ಯವನ್ನು ಬೆಳಕಿಗೆ ಹಿಡಿದು ವಾಲಿಸಿದರೆ, ಹೊಸ ಚಿತ್ರದ ಹಿಂದೆ ಹಿಗ್ಗಿದ ಲಿಂಕನ್‌ನ ಅಥವಾ ಹಳೆಯ ಅಕ್ಷರಗಳ ನೆರಳು ಕೆಲವೊಮ್ಮೆ ಮಸುಕಾಗಿ ಕಾಣುತ್ತದೆ. ಅದು ದೋಷವಲ್ಲ. ಕೆಲವರು ಅದಕ್ಕಾಗಿಯೇ ಹುಡುಕುತ್ತಾರೆ.

ನಾಣ್ಯ ಹಾಳುಮಾಡುವುದು ಅಪರಾಧವಲ್ಲವೇ? ಅಮೆರಿಕದ ಕಾನೂನು ತಡೆಯುವುದು ಮೋಸದ ಉದ್ದೇಶದಿಂದ ನಾಣ್ಯವನ್ನು ತಿದ್ದುವುದನ್ನು. ನೆನಪಿನ ಕಾಣಿಕೆಗಾಗಿ ಒತ್ತಿದರೆ ತೊಂದರೆಯಿಲ್ಲ. ಊರಿಗೆ ಬಂದ ಮೇಲೆ ನಮ್ಮ ರೂಪಾಯಿ ಬಿಲ್ಲೆಯ ಮೇಲೆ ಇದೇ ಪ್ರಯೋಗಕ್ಕೆ ಇಳಿಯಬೇಡಿ. ನಾಣ್ಯವನ್ನು ಕರಗಿಸುವುದನ್ನೂ ನಾಶಪಡಿಸುವುದನ್ನೂ ಭಾರತದ 2011ರ ನಾಣ್ಯ ಕಾಯ್ದೆ ನಿಷೇಧಿಸುತ್ತದೆ.

ಒತ್ತಿದ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬೆರಳಚ್ಚು ಒರೆಸಿ, ಆಲ್ಬಮ್‌ನಲ್ಲಿ ಸೇರಿಸಿ. ಹಾಳೆಗಳು ಪಿವಿಸಿಯವು ಆಗಿರಬಾರದು. ಆ ಪ್ಲಾಸ್ಟಿಕ್ಕಿನಿಂದ ವರ್ಷಗಳು ಕಳೆದಂತೆ ಜಿನುಗುವ ಅಂಟು ತಾಮ್ರಕ್ಕೆ ಹಸಿರು ಹಿಡಿಸುತ್ತದೆ. ಕಾಲಕ್ರಮದಲ್ಲಿ ನಾಣ್ಯ ಮತ್ತೆ ಕಂದಿದರೆ ಹಾಗೆಯೇ ಬಿಡಿ ಎನ್ನುತ್ತೇನೆ. ತಗ್ಗುಗಳಲ್ಲಿ ಕಪ್ಪು ನಿಂತಾಗ ಚಿತ್ರದ ಗೆರೆಗಳು ಹೊಸದಕ್ಕಿಂತ ಚೆನ್ನಾಗಿ ಎದ್ದು ಕಾಣುತ್ತವೆ. ಹೊಳಪೇ ಬೇಕೆನ್ನುವವರು ಅದೇ ಉಪ್ಪುಹುಳಿಯಲ್ಲಿ ಹತ್ತು ಸೆಕೆಂಡು ಅದ್ದಿ, ಸೋಡಾ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಬಹುದು.