ಕುಚಲಕ್ಕಿ ಅನ್ನಕ್ಕೆ ಹೊಂದೋ ದಾಳಿತೋವೆ ಮಾಡೋದು ಹೇಗೆ

ದಾಳಿತೋವೆ ಅಂದ್ರೆ ಇಂಗಿನ ಘಮದ ತೊಗರಿಬೇಳೆ ತೋವೆ. ಅದಕ್ಕೆ ಬೇಳೆ ತೊಳೆಯೋಕೆ ಮುಂಚೆನೇ ಇವತ್ತಿನ ಅನ್ನ ಯಾವ ಅಕ್ಕಿದು ಹೇಳಿ ನೋಡ್ಕೊಳ್ಳಿ. ಕಾರವಾರ, ಅಂಕೋಲಾ, ಕುಮಟಾ ಕಡೆ ಕುಚಲಕ್ಕಿ (ಭತ್ತ ಬೇಯಿಸಿ ಮಾಡಿದ ಅಕ್ಕಿ) ಅನ್ನ ಜಾಸ್ತಿ, ಘಟ್ಟ ಹತ್ತಿ ಶಿರಸಿ ಕಡೆ ಹೋದ್ರೆ ಬೆಳ್ತಿಗೆ (ಭತ್ತ ಬೇಯಿಸದೆ ಮಾಡಿದ ಅಕ್ಕಿ) ಅನ್ನ. ಕುಚಲಕ್ಕಿ ಕಾಳು ದಪ್ಪ, ಬಿಡಿಬಿಡಿ ಇರುತ್ತೆ, ತೋವೆ ತುಂಬಾ ತೆಳು ಆದ್ರೆ ಕಾಳಿಗೆ ಹಿಡಿಯೋದೇ ಇಲ್ಲ, ಎಲ್ಲ ತಟ್ಟೆ ಅಂಚಿಗೆ ಹರಿದು ಹೋಗುತ್ತೆ. ಬೆಳ್ತಿಗೆ ಅನ್ನ ಮೆತ್ತಗೆ, ಕಲಸ್ತಾ ಕಲಸ್ತಾನೇ ಹೀರ್ಕೊಳ್ಳುತ್ತೆ, ಅದಕ್ಕೆ ದಪ್ಪ ತೋವೆ ಹಾಕಿದ್ರೆ ಮುದ್ದೆ ಆಗಿ ಗಂಟಲಲ್ಲಿ ಇಳಿಯಲ್ಲ. ರೆಸಿಪಿ ವಿಡಿಯೋಗಳಲ್ಲಿ ಇದನ್ನ ಯಾರೂ ಹೇಳಲ್ಲ, ಎಲ್ಲರಿಗೂ ಒಂದೇ ಅಳತೆ ಕೊಟ್ಟುಬಿಡ್ತಾರೆ.

ಮೊದಲು ಅನ್ನ, ಯಾಕಂದ್ರೆ ಕುಚಲಕ್ಕಿ ಬೇಯೋಕೆ ಟೈಮ್ ಬೇಕು. 4 ಜನಕ್ಕೆ 2 ಕಪ್ ಅಕ್ಕಿ ತಗೊಳ್ಳಿ, ನೀರು ತಿಳಿ ಆಗೋವರೆಗೆ ಕೈಯಲ್ಲಿ ಚೆನ್ನಾಗಿ ಉಜ್ಜಿ ತೊಳೀರಿ. ದೊಡ್ಡ ಪಾತ್ರೆಲಿ ಅಕ್ಕಿಯ 5-6 ಪಟ್ಟು ನೀರು ಕುದಿಸಿ ಅಕ್ಕಿ ಹಾಕಿ, ಒಂದು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ 40-50 ನಿಮಿಷ ಬೇಯೋಕೆ ಬಿಡಿ. ಒಂದು ಅಗುಳು ಬೆರಳಲ್ಲಿ ಒತ್ತಿ ನೋಡಿ, ಮಧ್ಯ ಗಟ್ಟಿ ಬಿಳಿ ಚುಕ್ಕೆ ಇರಬಾರದು. ಆಮೇಲೆ ಬಸಿಯಿರಿ, ಆದ್ರೆ ತೆಳಿ, ಅಂದ್ರೆ ಬಸಿದ ಗಂಜಿನೀರು, ಚೆಲ್ಲಬೇಡಿ, ಕೆಳಗೆ ಹೇಳ್ತೇನೆ ಯಾಕೆ ಹೇಳಿ.

ಕುಚಲಕ್ಕಿ ಅಂದ್ರೆ ಭತ್ತನ ಸಿಪ್ಪೆ ಸಮೇತ ನೆನೆಸಿ ಬೇಯಿಸಿ ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕೋದು, ಹಾಗೆ ಬೇಯಿಸುವಾಗ ತೌಡಲ್ಲಿರೋ ಬಿ1 ವಿಟಮಿನ್ ಸ್ವಲ್ಪ ಕಾಳಿನ ಒಳಗೇ ಸೇರ್ಕೊಳ್ಳುತ್ತೆ. ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಗಳಲ್ಲಿ, ಮಾಣಿಕಟ್ಟಾ ಕಡೆ, ಉಪ್ಪುನೀರು ತಡ್ಕೊಂಡು ಬೆಳೆಯೋ ಕಗ್ಗ ಭತ್ತದ ಅಕ್ಕಿ ನಿಮಗೆ ಎಲ್ಲಾದ್ರೂ ಸಿಕ್ಕಿದ್ರೆ ಮಾತ್ರ ಬಿಡಬೇಡಿ, ಆ ಭತ್ತ ಬೆಳೆಯೋರು ಈಗ ಕಡಿಮೆ ಆಗ್ತಾ ಇದ್ದಾರೆ, ನಾವು ತಗೊಂಡ್ರೇನೇ ಅವರು ಬೆಳೀತಾರೆ.

ಈಗ ಬೇಳೆ. 1 ಕಪ್ ತೊಗರಿಬೇಳೆ, ಅಂದಾಜು 200 ಗ್ರಾಂ. 3-4 ಸಲ ತೊಳೆದು ಅರ್ಧ ಗಂಟೆ ನೆನೆಸಿಡಿ, ಅನ್ನ ಬೇಯ್ತಾ ಇರುತ್ತಲ್ಲ ಆ ಟೈಮಲ್ಲೇ ಆಗಿಹೋಗುತ್ತೆ. 3 ಕಪ್ ನೀರು, ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಕುಕ್ಕರಿಗೆ ಇಡಿ, ಎಣ್ಣೆ ಯಾಕಂದ್ರೆ ಬೇಳೆ ನೊರೆ ಉಕ್ಕಿ ವಿಸಲ್ ತೂತಿಗೆ ಸಿಕ್ಕಿಹಾಕ್ಕೊಳ್ಳೋದು ಕಡಿಮೆ ಆಗುತ್ತೆ. 4-5 ವಿಸಲ್ ಸಾಕು. ಉಪ್ಪು ಈಗ ಬೇಡ, ಹುಳಿ ಅಂತೂ ಬೇಡವೇ ಬೇಡ, ಹುಳಿ ಇದ್ರೆ ಬೇಳೆ ಮೆತ್ತಗಾಗೋಕೆ ಹಠ ಮಾಡುತ್ತೆ.

ಇಷ್ಟೆಲ್ಲಾ ಮಾಡಿದ್ರೂ ಬೇಳೆ ಬೇಯಲ್ಲ ಹೇಳೋರು ನೀರು ನೋಡ್ಬೇಕು. ಸಮುದ್ರ, ಹೊಳೆಬಾಯಿ ಹತ್ತಿರ ಇರೋ ಬಾವಿಗಳಲ್ಲಿ ಏಪ್ರಿಲ್-ಮೇ ಬಂತು ಅಂದ್ರೆ ನೀರು ಸವಳಾಗುತ್ತೆ, ಗಡಸೂ ಆಗುತ್ತೆ, ಗಡಸು ನೀರಲ್ಲಿರೋ ಕ್ಯಾಲ್ಸಿಯಂ ಬೇಳೆನ ಮೆತ್ತಗಾಗೋಕೆ ಬಿಡಲ್ಲ, ಎಷ್ಟು ವಿಸಲ್ ಕೂಗಿಸಿದ್ರೂ ಅಷ್ಟೇ. ಬೇಳೆಗೆ ಮಾತ್ರ ಕುಡಿಯೋ ಸಿಹಿನೀರು ಎತ್ತಿಡಿ. ಇನ್ನೊಂದು ಕಾರಣ ಹಳೇ ಬೇಳೆ, ಡಬ್ಬಿಯಲ್ಲಿ ವರ್ಷಗಟ್ಟಲೆ ಇದ್ದದ್ದು ಸಮಾ ಬೇಯೋದೇ ಇಲ್ಲ. ಕಲಬುರಗಿ ಕಡೆ ಹೊಸ ಬೇಳೆ ಸಿಕ್ಕಿದ್ರೆ ತುಂಬಾ ಒಳ್ಳೇದು, ಅಲ್ಲಿನ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಆ ಜಾಗದ್ದೇ ವಿಶೇಷ ಹೇಳಿ ಕೊಡೋ ಗುರುತು) ಕೂಡ ಸಿಕ್ಕಿದೆ.

ಪ್ರೆಶರ್ ತಾನಾಗೇ ಇಳಿದ ಮೇಲೆ ಕಡಗೋಲಲ್ಲಿ ಕಡೀರಿ. ಮಿಕ್ಸಿ ಬೇಡ, ಮಿಕ್ಸಿಗೆ ಹಾಕಿದ್ರೆ ಅಂಟಂಟಾಗುತ್ತೆ, ಬೇಳೆ ರುಚಿನೇ ಹೋಗುತ್ತೆ. ಕಾಳು ಪೂರ್ತಿ ಒಡೆದು ನುಣ್ಣಗಾದ್ರೂ ಅಲ್ಲಲ್ಲಿ ಸ್ವಲ್ಪ ತರಿ ಉಳಿದ್ರೆ ಚಂದ. ಈಗ ಉಪ್ಪು, ಉದ್ದಕ್ಕೆ ಸೀಳಿದ 3-4 ಹಸಿಮೆಣಸು, ಜಜ್ಜಿದ ಒಂದು ಇಂಚು ಶುಂಠಿ. ಅರಿಶಿಣ ಬೇಕಾದ್ರೆ ಚಿಟಿಕೆ, ಸುಮಾರು ಮನೆಗಳಲ್ಲಿ ಹಾಕೋದೇ ಇಲ್ಲ, ನಾನೂ ಹಾಕಲ್ಲ, ಬೇಳೆದೇ ಬಣ್ಣ ಸಾಕು.

ತೆಳು ಮಾಡೋಕೆ ಬಿಸಿನೀರಿನ ಬದಲು ಆ ಎತ್ತಿಟ್ಟ ತೆಳಿ ಹಾಕಿ. ತೆಳಿಲಿ ಪಿಷ್ಟ ಇರೋದ್ರಿಂದ ತಟ್ಟೆಲಿ ಬೇಳೆ ಒಂದು ಕಡೆ ನೀರು ಒಂದು ಕಡೆ ಆಗಲ್ಲ. ಕುಚಲಕ್ಕಿ ಅನ್ನ ಆದ್ರೆ 1 ಕಪ್ ಸಾಕು, ಬೆಳ್ತಿಗೆ ಆದ್ರೆ 2 ಕಪ್ ತನಕ ಹಾಕ್ಬಹುದು. ಕುದಿಯುವಾಗ ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ತೆಳುವೇ ಇರಲಿ, ಬಡಿಸೋ ಹೊತ್ತಿಗೆ ಗಟ್ಟಿ ಆಗೇ ಆಗುತ್ತೆ. 7-8 ನಿಮಿಷ ಕುದಿಸಿ, ಹಸಿಮೆಣಸಿನ ಪರಿಮಳ ಬೇಳೆಗೆ ಇಳೀಬೇಕು.

ಇಂಗು ಇಲ್ದೆ ಇದು ದಾಳಿತೋವೆನೇ ಅಲ್ಲ. ಗಟ್ಟಿ ಇಂಗು ಕಡಲೆಕಾಳಿನಷ್ಟು ತಗೊಂಡು ಎರಡು ಚಮಚ ಬಿಸಿನೀರಲ್ಲಿ ಮೊದಲೇ ನೆನೆಸಿಟ್ಟಿರಿ, ಉರಿ ಆಫ್ ಮಾಡಿದ ಮೇಲೆ ಆ ನೀರು ತೋವೆಗೆ ಹಾಕಿ. ಪುಡಿ ಇಂಗಲ್ಲಿ ಮೈದಾನೋ ಅಕ್ಕಿಹಿಟ್ಟೋ ಸೇರಿರುತ್ತೆ, ಹಾಗಾಗಿ ಅದು ಸ್ವಲ್ಪ ಜಾಸ್ತಿ ಬೇಕಾಗುತ್ತೆ, ಅದನ್ನ ಒಗ್ಗರಣೆ ಎಣ್ಣೆಗೇ ಹಾಕಿ.

ಒಗ್ಗರಣೆಗೆ ಎರಡು ಚಮಚ ತೆಂಗಿನೆಣ್ಣೆ, ಇಲ್ಲಾಂದ್ರೆ ತುಪ್ಪ. ಸಾಸಿವೆ ಪೂರ್ತಿ ಸಿಡಿಯೋಕೆ ಬಿಡಿ, ಅರ್ಧಂಬರ್ಧ ಸಿಡಿದ ಸಾಸಿವೆ ಬಾಯಿಗೆ ಕಹಿ. ಆಮೇಲೆ ಎರಡು ಮುರಿದ ಬ್ಯಾಡಗಿ ಮೆಣಸು, ಒಂದು ಎಸಳು ಕರಿಬೇವು, ಚಟಪಟ ಅಂತಿದ್ದಂಗೇ ತೋವೆಗೆ ಸುರಿದು ಆ ಕ್ಷಣವೇ ಮುಚ್ಚಳ ಹಾಕಿ ಐದು ನಿಮಿಷ ತೆಗೀಬೇಡಿ. ಆ ಘಮ ಒಳಗೇ ಉಳೀಬೇಕು.

ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಗರಂ ಮಸಾಲ ಹಾಕ್ಬಹುದಾ ಹೇಳಿ ತುಂಬಾ ಜನ ಕೇಳ್ತಾರೆ. ಹಾಕಿದ್ರೆ ಅದು ದಾಲ್ ಫ್ರೈ, ಚಪಾತಿಗೆ ಚೆನ್ನಾಗಿರುತ್ತೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ದಾಳಿತೋವೆ ಮಾಡ್ಬೇಕಾದ್ರೆ ಕೈ ಕಟ್ಕೊಂಡು ಸುಮ್ಮನಿರಿ, ಬೇಳೆ ಮತ್ತೆ ಇಂಗು ಎರಡೇ ಮುಂದೆ ಬರ್ಲಿ.

ಜೊತೆಗೆ ಹಲಸಿನ ಹಪ್ಪಳ, ಬಾಳಕ ಮೆಣಸು, ಮಿಡಿ ಉಪ್ಪಿನಕಾಯಿ, ಬೆಂಡೆಕಾಯಿನೋ ಬಟಾಟೆನೋ ರವೆ ಹಚ್ಚಿ ಕರಿದ ಪೋಡಿ. ಮೀನು ತಿನ್ನೋ ಮನೆಲಿ ರವಾ ಫ್ರೈ ಮಾಡಿದ ಬಂಗಡೆ, ತೋವೆ ಜೊತೆ ಅದನ್ನ ಮೀರಿಸೋದು ಯಾವುದೂ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತಲ್ಲ, ಮಾರ್ಕೆಟಲ್ಲಿ ತಾಜಾ ಮೀನು ಕಡಿಮೆ, ರೇಟೂ ಜಾಸ್ತಿ, ಹೊರಗೆ ಜಡಿಮಳೆ, ಆ ಎರಡು ತಿಂಗಳು ಒಲೆ ಮೇಲೆ ತೋವೆ ಪದೇ ಪದೇ ಏರುತ್ತೆ, ಜೊತೆಗೆ ಒಣಮೀನು ಸುಟ್ಕೊಂಡ್ರೆ ಆಯ್ತು.

ಬಡಿಸುವಾಗ ತೋವೆಲಿ ಜುಗ್ಗತನ ಬೇಡ. ಅಕ್ಕಿಲಿ ಲೈಸಿನ್ ಅನ್ನೋ ಪ್ರೋಟೀನ್ ಅಂಶ ಕಡಿಮೆ, ಬೇಳೆಲಿ ಅದು ಜಾಸ್ತಿ, ಬೇಳೆಲಿ ಕಡಿಮೆ ಇರೋದು ಅಕ್ಕಿಲಿ ಇದೆ, ಹಾಗಾಗಿ ಅನ್ನದ ಗುಡ್ಡದ ಮೇಲೆ ಒಂದೇ ಸೌಟು ಹಾಕಿ ಮುಗಿಸಿದ್ರೆ ಮಕ್ಕಳಿಗೆ ಸಿಗೋದು ಬರೀ ಹೊಟ್ಟೆ ತುಂಬಿದ್ದು.

ಉಳಿದ ತೋವೆ ಫ್ರಿಜ್ಜಲ್ಲಿಟ್ರೆ ಗಟ್ಟಿ ಆಗುತ್ತೆ, ಬಿಸಿ ಮಾಡುವಾಗ ಬಿಸಿನೀರನ್ನೇ ಹಾಕಿ, ಇಂಗು-ಸಾಸಿವೆ ಒಗ್ಗರಣೆ ಇನ್ನೊಂದ್ಸಲ ಸಣ್ಣದಾಗಿ ಕೊಡಿ. ಉಳಿದ ಕುಚಲಕ್ಕಿ ಅನ್ನಕ್ಕೆ ನೀರು ಹಾಕಿ ಕುದಿಸಿದ್ರೆ ಬೆಳಿಗ್ಗೆ ಗಂಜಿ ರೆಡಿ, ಅದಕ್ಕೆ ತೋವೆ ಬೇಡ, ಉಪ್ಪಿನಕಾಯಿ ಸಾಕು.