ಕೌಂಟಿಯ ಕಾರ್ಯಸೂಚಿಯಲ್ಲಿ ಜೈಲನ್ನೂ ಕಂಪ್ಯೂಟರ್ ಸರ್ವರನ್ನೂ ಜೊತೆಯಾಗಿ ಓದುವುದು ಹೇಗೆ?

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರಿಗೆ ಕೌಂಟಿ ಸರ್ಕಾರದ ನೆನಪಾಗುವುದು ಆಸ್ತಿ ತೆರಿಗೆಯ ಬಿಲ್ಲು ಬಂದ ದಿನ ಮಾತ್ರ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತೆ ಎಂದುಕೊಂಡರೆ ಅರ್ಧ ಸರಿ, ಅರ್ಧ ತಪ್ಪು. ಕರ್ನಾಟಕದಲ್ಲಿ ಜಿಲ್ಲಾಧಿಕಾರಿಯನ್ನು ರಾಜ್ಯ ಸರ್ಕಾರ ನೇಮಿಸುತ್ತದೆ, ಕಾರಾಗೃಹಗಳನ್ನು ರಾಜ್ಯದ ಇಲಾಖೆಯೇ ನಡೆಸುತ್ತದೆ. ಕ್ಯಾಲಿಫೋರ್ನಿಯಾದ ಕೌಂಟಿಯಲ್ಲಾದರೋ ಕೌಂಟಿ ಮಂಡಳಿಯ ಸದಸ್ಯರಾದ ಸೂಪರ್‌ವೈಸರುಗಳು, ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್, ಸರ್ಕಾರದ ಪರ ಮೊಕದ್ದಮೆ ನಡೆಸುವ ಜಿಲ್ಲಾ ಅಟಾರ್ನಿ ಮೂವರೂ ಮತದಾರರಿಂದ ಆಯ್ಕೆಯಾಗುವವರು. ಜೈಲು ಕೌಂಟಿಯದು, ಅದರ ಖರ್ಚೂ ಕೌಂಟಿಯದು. ಆದ್ದರಿಂದ ಜೈಲು ಸುಧಾರಣೆಯ ಸುದ್ದಿಯನ್ನು ತಿಳಿಯಬೇಕೆನ್ನುವವರು ಮೊದಲು ಹೋಗಬೇಕಾದದ್ದು ಟಿವಿಯ ಚರ್ಚೆಗಲ್ಲ, ಕೌಂಟಿ ಮಂಡಳಿಯ ಕಾರ್ಯಸೂಚಿಗೆ.

ಆ ಕಾರ್ಯಸೂಚಿಯಲ್ಲಿ ಜೈಲಿನ ವಿಷಯ ಒಂದು ಪುಟದಲ್ಲಿದ್ದರೆ ಕಂಪ್ಯೂಟರ್ ಭದ್ರತೆಯ ವಿಷಯ ಇನ್ನೆಲ್ಲೋ ಇರುತ್ತದೆ. ಎರಡನ್ನೂ ಜೊತೆಗಿಟ್ಟು ಓದಬೇಕೆನ್ನುವುದಕ್ಕೆ ನ್ಯೂ ಮೆಕ್ಸಿಕೋದ ಬರ್ನಲಿಯೋ ಕೌಂಟಿಯ ಪ್ರಕರಣವೇ ಸಾಕ್ಷಿ. 2022ರ ಜನವರಿ 5ರಂದು ಆ ಕೌಂಟಿಯ ಮೇಲೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ, ರ‍್ಯಾನ್ಸಮ್‌ವೇರ್ ದಾಳಿ ನಡೆದಾಗ ಆಲ್ಬುಕರ್ಕಿಯ ಬಳಿಯ ಜೈಲಿನಲ್ಲಿ ಬಾಗಿಲುಗಳ ಸ್ವಯಂಚಾಲಿತ ವ್ಯವಸ್ಥೆ ಕೈಕೊಟ್ಟಿತು, ಕ್ಯಾಮೆರಾಗಳು ಕಾಣದಾದವು. ಸಿಬ್ಬಂದಿ ಬೀಗದ ಕೈ ಹಿಡಿದು ಬಾಗಿಲು ತೆರೆಯಬೇಕಾಯಿತು, ಕೈದಿಗಳನ್ನು ಕೋಣೆಗಳಲ್ಲೇ ಕೂಡಿಹಾಕಲಾಯಿತು, ಭೇಟಿಗಳು ನಿಂತವು. ಜೈಲಿನ ಸ್ಥಿತಿಗತಿಯ ಬಗ್ಗೆ 1995ರಲ್ಲಿ ಹೂಡಲಾದ ದಾವೆಯಲ್ಲಿ ಆಗಿದ್ದ ರಾಜಿ ಒಪ್ಪಂದವನ್ನು ಸದ್ಯಕ್ಕೆ ಪಾಲಿಸಲಾಗುತ್ತಿಲ್ಲವೆಂದು ಕೌಂಟಿಯೇ ಫೆಡರಲ್ ನ್ಯಾಯಾಲಯಕ್ಕೆ ತಿಳಿಸಬೇಕಾಯಿತು. ಕಾಲು ಶತಮಾನದ ಸುಧಾರಣೆಯನ್ನು ಹೀಗೆ ತಡೆದು ನಿಲ್ಲಿಸಿದ್ದು ಯಾವ ರಾಜಕಾರಣಿಯೂ ಅಲ್ಲ, ಒಂದು ದುಷ್ಟ ತಂತ್ರಾಂಶ.

ಇನ್ನು ಓದುವ ಕ್ರಮ. ಕ್ಯಾಲಿಫೋರ್ನಿಯಾದ 1953ರ ಬ್ರೌನ್ ಕಾಯ್ದೆಯ (ಸ್ಥಳೀಯ ಸಂಸ್ಥೆಗಳ ಸಭೆಗಳು ಬಹಿರಂಗವಾಗಿರಬೇಕೆನ್ನುವ ಕಾನೂನು) ಪ್ರಕಾರ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ಕನಿಷ್ಠ 72 ಗಂಟೆ ಮೊದಲು ಪ್ರಕಟಿಸಬೇಕು. ಮಂಗಳವಾರ ಬೆಳಗ್ಗೆ ಸಭೆಯಿದ್ದರೆ ಶನಿವಾರ ಬೆಳಗ್ಗೆಯ ಹೊತ್ತಿಗೆ ಅದು ನಿಮ್ಮ ಕೈಗೆ ಸಿಗುತ್ತದೆ. ಕಡತವನ್ನು ತೆರೆದೊಡನೆ ದೊಡ್ಡ ಅಕ್ಷರದ ವಿಷಯಗಳಿಗೆ ಕಣ್ಣು ಹಾಯಿಸದೆ ‘ಕನ್ಸೆಂಟ್ ಕ್ಯಾಲೆಂಡರ್’ ಎಂಬ ಭಾಗಕ್ಕೆ ಇಳಿಯಿರಿ. ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಒಟ್ಟಾಗಿ ಅಂಗೀಕಾರವಾಗುವ ವಿಷಯಗಳು ಅಲ್ಲಿರುತ್ತವೆ. ಜೈಲಿನ ವೈದ್ಯಕೀಯ ಗುತ್ತಿಗೆಯ ವಿಸ್ತರಣೆ, ತಂತ್ರಾಂಶದ ಪರವಾನಗಿಯ ನವೀಕರಣ ಮುಂತಾದವನ್ನು ಸಾಮಾನ್ಯವಾಗಿ ಅಲ್ಲಿಯೇ ಹುಡುಕಬೇಕು. ಪ್ರತಿ ವಿಷಯದ ಜೊತೆಗಿರುವ ಸಿಬ್ಬಂದಿ ವರದಿಯಲ್ಲಿ ಮೂರು ಸಂಗತಿಗಳನ್ನು ಗುರುತು ಹಾಕಿಕೊಂಡರೆ ಸಾಕು: ಎಷ್ಟು ಹಣ, ಎಷ್ಟು ವರ್ಷಕ್ಕೆ, ಟೆಂಡರ್ ಕರೆದದ್ದೋ ಇಲ್ಲವೋ.

ಜೈಲಿನ ಅಂಕಿಗಳು ಬಂದಾಗ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಜನ ಎಡವುವುದು ಇಲ್ಲಿಯೇ. ‘ಕೈದಿಗಳ ಸರಾಸರಿ ದೈನಂದಿನ ಸಂಖ್ಯೆ’ ಏರಿತೆಂದ ಮಾತ್ರಕ್ಕೆ ಅಪರಾಧ ಹೆಚ್ಚಿತೆಂದು ಅರ್ಥವಲ್ಲ. ಆ ಸಂಖ್ಯೆ ಎರಡು ಅಂಶಗಳ ಗುಣಲಬ್ಧ: ದಿನಕ್ಕೆ ಎಷ್ಟು ಮಂದಿ ಒಳಗೆ ಬರುತ್ತಾರೆ, ಒಬ್ಬೊಬ್ಬರು ಎಷ್ಟು ದಿನ ಉಳಿಯುತ್ತಾರೆ. ಒಂದು ಕಾಲ್ಪನಿಕ ಕೌಂಟಿಗೆ ವರ್ಷಕ್ಕೆ 7,300 ಮಂದಿ, ಅಂದರೆ ದಿನಕ್ಕೆ 20 ಮಂದಿ, ಬರುತ್ತಾರೆ ಎನ್ನೋಣ. ಸರಾಸರಿ 20 ದಿನ ಉಳಿದರೆ ಜೈಲಿನಲ್ಲಿ 400 ಮಂದಿ. ನ್ಯಾಯಾಲಯದ ದಿನಾಂಕಗಳು ಬೇಗ ಸಿಕ್ಕಿ ಅದು 15 ದಿನಕ್ಕೆ ಇಳಿದರೆ 300. ಒಬ್ಬನನ್ನೂ ಕಡಿಮೆ ಬಂಧಿಸದೆ ನೂರು ಹಾಸಿಗೆ ಖಾಲಿಯಾಗುತ್ತದೆ. ಹೊಸ ಜೈಲು ಕಟ್ಟಡದ ಪ್ರಸ್ತಾಪ ಬಂದಾಗಲೆಲ್ಲ ಈ ಗುಣಾಕಾರವನ್ನು ಮಾಡಿ ನೋಡುವುದು ಒಳ್ಳೆಯದು. ಅದರ ಜೊತೆಗೆ ವಿಚಾರಣಾಧೀನರ ಪ್ರಮಾಣವನ್ನೂ ಕೇಳಬೇಕು. 2022ರ ಮಧ್ಯದ ಲೆಕ್ಕದಂತೆ ಅಮೆರಿಕದ ಸ್ಥಳೀಯ ಜೈಲುಗಳಲ್ಲಿದ್ದ ಪ್ರತಿ 10 ಮಂದಿಯಲ್ಲಿ 7 ಮಂದಿಯ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ.

ಯಾವುದು ಯಾರ ಕೈಯಲ್ಲಿದೆ ಎಂಬುದನ್ನು ತಿಳಿಯದೆ ದೂರಿದರೆ ಪ್ರಯೋಜನವಿಲ್ಲ. ನಗದು ಜಾಮೀನನ್ನು 2023ರ ಸೆಪ್ಟೆಂಬರ್ 18ರಿಂದ ರದ್ದುಮಾಡಿದ್ದು ಇಲಿನಾಯ್ ರಾಜ್ಯವೇ ಹೊರತು ಅಲ್ಲಿನ ಕೌಂಟಿಗಳಲ್ಲ. ಟೆಕ್ಸಾಸ್‌ನ ಹ್ಯಾರಿಸ್ ಕೌಂಟಿಯಲ್ಲಿ ಸಣ್ಣ ಅಪರಾಧಗಳ ಜಾಮೀನು ಪದ್ಧತಿ ಬದಲಾದದ್ದು 2019ರಲ್ಲಿ ಫೆಡರಲ್ ನ್ಯಾಯಾಲಯ ಒಪ್ಪಿದ ರಾಜಿಯಿಂದ. ಈ ಗಡಿಗೆರೆ ಅಧಿಕಾರಿಗಳಿಗೇ ಎಷ್ಟು ಗೊಂದಲವೆಂದರೆ, 2019ರ ಸೆಪ್ಟೆಂಬರ್‌ನಲ್ಲಿ ಅಯೋವಾದ ಡಲ್ಲಾಸ್ ಕೌಂಟಿಯ ನ್ಯಾಯಾಲಯ ಕಟ್ಟಡದ ಭದ್ರತೆಯನ್ನು ಪರೀಕ್ಷಿಸಲು ರಾಜ್ಯದ ನ್ಯಾಯಾಂಗವೇ ಗುತ್ತಿಗೆ ಕೊಟ್ಟಿದ್ದ ಇಬ್ಬರು ತಜ್ಞರನ್ನು, ಕಟ್ಟಡ ಕೌಂಟಿಯದೆಂಬ ವಾದದಲ್ಲಿ ಬಂಧಿಸಲಾಯಿತು. ಆರೋಪಗಳನ್ನು ಮುಂದಿನ ಜನವರಿಯಲ್ಲಿ ಕೈಬಿಡಲಾಯಿತು.

ಸೈಬರ್ ಭದ್ರತೆಯ ವಿಷಯಕ್ಕೆ ಬಂದರೆ, ‘ಗೋಪ್ಯ’ ಎಂಬ ಪದಕ್ಕೆ ಹೆದರಿ ಹಿಂದೆ ಸರಿಯಬಾರದು. ಬೆದರಿಕೆಗಳ ವಿವರವನ್ನು ಮುಚ್ಚಿದ ಕೋಣೆಯಲ್ಲಿ ಚರ್ಚಿಸುವುದು ನ್ಯಾಯವೇ. ಆದರೆ ಖರ್ಚು, ಗಡುವು ಮತ್ತು ಹೊಣೆಗಾರಿಕೆಯನ್ನು ಬಹಿರಂಗವಾಗಿ ಕೇಳಬಹುದು. ನ್ಯೂಯಾರ್ಕ್‌ನ ಸಫೋಕ್ ಕೌಂಟಿಯಲ್ಲಿ 2021ರ ಡಿಸೆಂಬರ್‌ನಲ್ಲೇ ದಾಖಲೆಗಳನ್ನು ನೋಡಿಕೊಳ್ಳುವ ಕ್ಲರ್ಕ್ ಕಚೇರಿಯ ಮೂಲಕ ನುಸುಳಿದ್ದವರು ಪೂರ್ಣ ದಾಳಿ ಬಯಲಾದ 2022ರ ಸೆಪ್ಟೆಂಬರ್‌ವರೆಗೂ ಒಳಗೇ ಇದ್ದರು. ಬಳಿಕ ತುರ್ತು ಸಹಾಯದ 911 ಕರೆ ಸ್ವೀಕರಿಸುವವರು ವಿವರಗಳನ್ನು ಕೈಯಲ್ಲಿ ಬರೆದುಕೊಳ್ಳಬೇಕಾಯಿತು, ಮನೆ ಖರೀದಿದಾರರ ಹಕ್ಕುಪತ್ರ ಪರಿಶೀಲನೆ ನಿಂತುಹೋಯಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಕೌಂಟಿ 2023ರಲ್ಲಿ ತನ್ನ ಶೆರಿಫ್ ಇಲಾಖೆಯ ಮೇಲಾದ ದಾಳಿಗೆ 11 ಲಕ್ಷ ಡಾಲರ್ ಒತ್ತೆಹಣ ತೆತ್ತಿತು. ಸುಮಾರು ಅರ್ಧವನ್ನು ವಿಮೆ ಭರಿಸಿತು. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಸರಳ: ಬ್ಯಾಕಪ್‌ನಿಂದ ಮಾಹಿತಿಯನ್ನು ಮರಳಿ ಪಡೆಯುವ ಪರೀಕ್ಷೆ ಕೊನೆಯ ಬಾರಿ ನಡೆದದ್ದು ಯಾವಾಗ? ಒಂದು ಇಲಾಖೆಗೆ ನುಸುಳಿದವನು ಇನ್ನೊಂದಕ್ಕೆ ಹೋಗದಂತೆ ಜಾಲವನ್ನು ಬೇರ್ಪಡಿಸಲಾಗಿದೆಯೇ? ವಿದ್ಯುನ್ಮಾನ ಬಾಗಿಲು ಕೆಟ್ಟರೆ ಕೈದಿಗಳ ಊಟ, ಔಷಧ, ಬಿಡುಗಡೆಯ ಆದೇಶ ಹೇಗೆ ಸಾಗುತ್ತವೆ? ಮೂರನೆಯದನ್ನು ಕೇಳುವವರು ವಿರಳ. ನನ್ನ ಮಟ್ಟಿಗೆ ಅದೇ ಮೊದಲನೆಯದಾಗಬೇಕು.

ಪ್ರಶ್ನೆಯನ್ನು ಸಭೆಯಲ್ಲೇ ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಅಹವಾಲು ಹೇಳಲು ಪೌರತ್ವ ಬೇಕಿಲ್ಲ, ಸಭೆಗೆ ಬರಲು ಹೆಸರು ಬರೆಸಲೇಬೇಕೆಂಬ ನಿಯಮವೂ ಇಲ್ಲ. ಒಬ್ಬರಿಗೆ ಸಿಗುವುದು ಒಂದೆರಡು ನಿಮಿಷವಾದ್ದರಿಂದ ಮೊದಲ ವಾಕ್ಯದಲ್ಲೇ ವಿಷಯದ ಸಂಖ್ಯೆಯನ್ನು ಹೇಳಿ, ಒಂದೇ ಪ್ರಶ್ನೆಗೆ ಅಂಟಿಕೊಳ್ಳಿ. ಊರಿನಿಂದ ಬಂದಿರುವ ತಂದೆತಾಯಿಗಳು ಕನ್ನಡದಲ್ಲೇ ಮಾತನಾಡಿ ಮಗನೋ ಮಗಳೋ ಅನುವಾದಿಸುವುದಾದರೆ, ಏಕಕಾಲಿಕ ಅನುವಾದದ ಸಲಕರಣೆ ಇಲ್ಲದ ಕಡೆ, ಕಾನೂನಿನಂತೆ ಅವರಿಗೆ ಕನಿಷ್ಠ ಎರಡು ಪಟ್ಟು ಸಮಯ ಕೊಡಬೇಕು. ಸಭೆಯಲ್ಲಿ ಉತ್ತರ ಬಾರದಿದ್ದರೆ ಸಾರ್ವಜನಿಕ ದಾಖಲೆ ಕಾಯ್ದೆಯಡಿ ಒಂದು ಇಮೇಲ್ ಕಳುಹಿಸಿ, ದಾಖಲೆ ಕೊಡುವರೋ ಇಲ್ಲವೋ ಎಂಬ ನಿರ್ಧಾರ ಹತ್ತು ದಿನದೊಳಗೆ ಬರಬೇಕು. ವಿಶೇಷ ಕಾರಣವಿದ್ದರೆ ಮಾತ್ರ ಇನ್ನು ಹದಿನಾಲ್ಕು ದಿನ ಮುಂದೂಡಬಹುದು.